ನನ್ನ ಕೂದಲಿಗೊಂದು ಮಾಕ್ ಇಂಟರ್‌ವ್ಯೂ

ನೋಡ್ರಪ್ಪಾ, ಇವತ್ತು ದೆಹಲಿಯ ಮುಖರ್ಜಿ ನಗರದ ನಮ್ಮ ಕೋಚಿಂಗ್ ಸೆಂಟರಿನಲ್ಲಿ ಐಎಎಸ್ ಮಾಕ್ ಇಂಟರ್‌ವ್ಯೂ ನಡೆದದ್ದು ನನಗಲ್ಲ, ನನ್ನ ಕೂದಲಿಗೆ.

ನನ್ನದು ಗುಂಗುರು ಕೂದಲು. "ನೀಟಾಗಿ ಬನ್ನಿ" ಅಂತ ಸರ್ ಮೊದಲೇ ಹೇಳಿದ್ದರು. ಬೆಳಿಗ್ಗೆ ಎದ್ದು ಸ್ಟ್ರೈಟ್ನರ್ ಹಿಡಿದು ಕೂತೆ. ಆದರೂ ನೆತ್ತಿ ಮೇಲೆ ಹಾರಾಡ್ತಿದ್ದ ಎಳೆಗಳಿಗೆ ರೂಮ್‌ಮೇಟ್ ಶಬಾನಾ, ಚಳಿಗೆ ಕಲ್ಲಾಗಿದ್ದ ಕೊಬ್ಬರಿ ಎಣ್ಣೆಯನ್ನು ಹೀಟರ್ ಮುಂದೆ ಕರಗಿಸಿ ಸವರಿದಳು. "ಈಗ ನೋಡೇ, ಥೇಟ್ ಡಿಸಿ ಮೇಡಂ!" ಅಂದಳು. ಸೆಂಟರ್ ತಲುಪಿ ಉಣ್ಣೆ ಟೋಪಿ ತೆಗೆದೆ. ಚಟಚಟ ಅಂತ ಅರ್ಧ ಕೂದಲು ಎದ್ದು ನಿಂತಿತು.

"ನಿಮ್ಮ ಜಿಲ್ಲೆಗೆ ಪ್ರವಾಹ ಬಂದರೆ ಏನು ಮಾಡ್ತೀರಿ?" ಅಂತ ಸರ್ ಕೇಳಿದರು. ದೋಣಿ, ಗಂಜಿ ಕೇಂದ್ರ, ದನಕರುಗಳಿಗೆ ಮೇವು, ಎಲ್ಲ ಹೇಳಿದೆ. ಅವರ ಕಣ್ಣು ನನ್ನ ನೆತ್ತಿ ಬಿಟ್ಟು ಕದಲಲಿಲ್ಲ.

"ಉತ್ತರ ಅಚ್ಛಾ ಹೈ. ಲೇಕಿನ್ ಬೇಟಾ, ತಲೆಗೆ ಸ್ವಲ್ಪ ಸೀರಮ್ ಹಚ್ಚಿಕೋ. ಕೂದಲನ್ನೇ ಹತೋಟಿಯಲ್ಲಿ ಇಡೋಕಾಗದವಳು ಜಿಲ್ಲೆ ಹೇಗೆ ಸಂಭಾಳಿಸ್ತೀಯ?"

ನನಗಿಂತ ಮುಂಚೆ ಹೋದ ಹುಡುಗನ ತಲೆ ಕಾಗೆ ಗೂಡಿನ ಹಾಗಿತ್ತು. ಇದೇ ಸರ್ ಅವನನ್ನು ಬಾಗಿಲ ತನಕ ಬಿಟ್ಟು, ಬೆನ್ನು ತಟ್ಟಿ, "ಓದೋ ಹುಡುಗ, ಪಾಪ, ಕನ್ನಡಿ ನೋಡೋಕೂ ಪುರುಸೊತ್ತಿಲ್ಲ" ಅಂದಿದ್ದರು.

ಆಯ್ತು ಸರ್, ಬುದ್ಧಿ ಬಂತು. ನಾನು ಡಿಸಿ ಆದ ಮೇಲೆ ಪ್ರವಾಹ ಬಂದರೆ ದೋಣಿ ಕಳಿಸೋದಿಲ್ಲ. ಸೀರಮ್ ಕಳಿಸ್ತೀನಿ. ನದಿ ತಾನಾಗೇ ನೀಟಾಗಿ ಮಲಗುತ್ತೆ.