ನೂರೈವತ್ತು ಗಜದ ಕಲ್ಲು

ಓವರ್ಸಿಯರು ಕೆಟ್ಟದ್ದು ಕಲ್ಲು ನಂಬಿ ಎಂದು ಹಾಸನದ ಕ್ಲಬ್ಬಿನಲ್ಲಿ ಈಗಲೂ ಹೇಳುತ್ತಾರೆ. ಗಾಲ್ಫ್ ಆಡುವವನು ದೂರವನ್ನು ಕಣ್ಣಲ್ಲೇ ಅಳೆಯಬೇಕು, ಇನ್ನೊಬ್ಬರು ಹೇಳಿದ ಗಜಕ್ಕೆ ಹೊಡೆಯಬಾರದು ಅನ್ನುವುದು ಅವರ ನೀತಿ. ಚೆನ್ನಾಗಿದೆ. ಆದರೆ ಆ ಗಜ ಇನ್ನೊಬ್ಬರು ಹೇಳಿದ್ದೇ ಅಲ್ಲ. ಊರಾಚೆಯ ಆ ಹುಲ್ಲುಬಯಲಿನಲ್ಲಿ ಸರಪಳಿ ಎಳೆದು, ಪ್ರತಿ ಕುಳಿಯಿಂದ ನೂರು ಗಜಕ್ಕೊಂದು, ನೂರೈವತ್ತಕ್ಕೊಂದು ಸುಣ್ಣ ಬಳಿದ ಕಲ್ಲು ನೆಡಿಸಿದವನು ಆ ಓವರ್ಸಿಯರೇ. ತಾನೇ ಅಳೆದದ್ದನ್ನು ನಂಬದೆ ಇನ್ನೇನನ್ನು ನಂಬಬೇಕಿತ್ತು?

ನಾನು ಆಗ ಪುಣೆಯಲ್ಲಿ ಲಾ ಮುಗಿಸಿ, ಚರ್ಚಾಕೂಟದ ಪದಕದ ಸಮೇತ ಬಂದು, ಕ್ಲಬ್ಬಿನ ಕಾರ್ಯದರ್ಶಿಯೂ ಆಗಿದ್ದ ವಕೀಲರ ಕೈಕೆಳಗೆ ಸೇರಿದ್ದೆ. ಆಟಕ್ಕೆ ಜನ ಕಡಿಮೆ ಬಿದ್ದರೆ ಓವರ್ಸಿಯರನ್ನು ಕರೆಸುತ್ತಿದ್ದರು. ಆ ಭಾನುವಾರ ಆತ ದೊಡ್ಡ ಇಂಜಿನಿಯರ ಜೋಡಿ. ಎದುರಿಗೆ ವಕೀಲರು ಮತ್ತು ನಾನು. ಹೊಳೆನರಸೀಪುರದ ನಾಲೆ ಕೆಲಸಕ್ಕೆ ಬಡ್ತಿ ಕೊಟ್ಟು ಯಾರನ್ನು ಕಳಿಸುವುದೆಂದು ಇಂಜಿನಿಯರು ಆ ವಾರವೇ ತೀರ್ಮಾನಿಸಬೇಕಿತ್ತು. ಓವರ್ಸಿಯರ ಹೆಂಡತಿಯ ತವರು ಅದೇ ಊರು. ಆಕೆ ಆಗಲೇ ಪಾತ್ರೆ ಕಟ್ಟಿಟ್ಟಿದ್ದಳಂತೆ.

ಕೊನೆಯ ಕುಳಿಗೆ ಹೊಡೆಯುವಾಗ ಆತನ ಚೆಂಡು ನೂರೈವತ್ತರ ಕಲ್ಲಿನ ಪಕ್ಕಕ್ಕೇ ಬಂದು ನಿಂತಿತು. ಆತ ಕುಳಿಯ ಬಾವುಟ ನೋಡಿದ, ಕಲ್ಲು ನೋಡಿದ, ಮತ್ತೆ ಬಾವುಟ ನೋಡಿದ. ಹತ್ತಿರ ಕಾಣ್ತದಲ್ಲ ಎಂದು ಗೊಣಗಿದ. ಬೆಳಕಿನ ದೋಷ ಕಣ್ರೀ ಅಂದರು ವಕೀಲರು. ಆತ ಕಲ್ಲಿಗೆ ತಕ್ಕಂತೆ ಹೊಡೆದ. ಚೆಂಡು ಬಾವುಟವನ್ನು ದಾಟಿ ಹಾರಿ ಲಾಂಟಾನ ಪೊದೆಗೆ ಬಿತ್ತು.

ಇಂಜಿನಿಯರು ಬಯ್ಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಕಾಫಿಗೆ ಕೂತವರ ಮುಂದೆ ಆತನನ್ನು ನಿಲ್ಲಿಸಿ, ಆ ಮರ ಎಷ್ಟು ದೂರ ಹೇಳ್ರೀ, ಈ ಕಂಬ ಎಷ್ಟು ದೂರ ಹೇಳ್ರೀ ಎಂದು ಕೇಳುತ್ತಾ ಹೋದರು. ಒಂದೊಂದು ಉತ್ತರಕ್ಕೂ ನಗು. ಸರಿಯೋ ತಪ್ಪೋ, ನಕ್ಕವರಿಗೇನು ಗೊತ್ತು? ಕೊನೆಗೆ ಇಂಜಿನಿಯರು ಬಟ್ಟಲು ಕೆಳಗಿಟ್ಟು, "ಹುಲ್ಲಿನ ಮೇಲೆ ಗಜ ತಿಳೀದವನ ಕೈಗೆ ನೀರು ಕೊಟ್ರೆ ಹೊಳೆನರಸೀಪುರ ತೇಲಿಹೋಗುತ್ತೆ" ಅಂದರು. ಎಲ್ಲರಿಗಿಂತ ಜೋರಾಗಿ ನಕ್ಕವರು ವಕೀಲರು.

ಮರುದಿನ ಹೋಗಿ ಆ ಕಲ್ಲು ನೋಡಿದೆ. ಕಲ್ಲಿನಿಂದ ಸಾಕಷ್ಟು ಹಿಂದೆ, ಹುಲ್ಲಿಲ್ಲದ ಬಿಳಿಚಿದ ಒಂದು ಚೌಕ, ಅದರ ತುಂಬ ಗೆದ್ದಲು. ಕ್ಲಬ್ಬಿನ ಮಾಲಿ ಏನನ್ನೂ ಮುಚ್ಚಿಡಲಿಲ್ಲ. "ವಕೀಲ್ರೇ ಯೋಳಿದ್ರು ಸಾ, ಕಿತ್ತು ಮುಂದ್ಕೆ ನೆಟ್ಟೆ. ತಮಾಸೆಗಂತೆ."

ಇಂಜಿನಿಯರಿಗೆ ತಿಳಿಸಿದೆ. ಆರ್ಡರು ಹೋಗಿಯಾಯ್ತಲ್ಲ ಎಂದು ಪತ್ರಿಕೆಯ ಹಾಳೆ ಮಗುಚಿದರು. ಓವರ್ಸಿಯರನ್ನು ಅರಕಲಗೂಡು ರಸ್ತೆಯ ಜಲ್ಲಿ ಗುಡ್ಡೆ ಅಳೆಯಲು ಹಾಕಿದ್ದರು.

ವಕೀಲರು ಚನ್ನರಾಯಪಟ್ಟಣದ ಒಂದು ಒತ್ತುವರಿ ಕೇಸಿಗೆ ಹೊರಟಿದ್ದರು. ನಾನು ಕಲ್ಲಿನ ಮಾತೆತ್ತಿದಾಗ ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ, ತಮಾಷೆ ನನ್ನದೇ ಇರಲಿ ಕಣಯ್ಯ, ಕಣ್ಣಿದ್ದೂ ಕಲ್ಲು ನಂಬಿದ್ದು ಅವನ ತಪ್ಪು ಅಂದರು.

"ಸರಿ ಸಾರ್," ಅಂದೆ. "ಇವತ್ತಿನ ಕೇಸಿನಲ್ಲಿ ನಿಮ್ಮ ಕಕ್ಷಿಗಾರನ ಬಾಂದುಕಲ್ಲನ್ನ ಪಕ್ಕದ ಹೊಲದವನು ಕಿತ್ತು ಬೇರೆ ಕಡೆ ನೆಟ್ಟಿದ್ದಾನಲ್ಲ, ಅಲ್ಲಿ ತಪ್ಪು ಯಾರದು ಅಂತ ವಾದಿಸ್ತೀರಿ?"