ಡಬ್ಬಿಯ ಮೇಲಿನ ಮೂರು ಗೆರೆ

ಕಳೆದ ಗುರುವಾರ ನಾನು ನೂರಕ್ಕೆ ನೂರು ಸರಿ ಉತ್ತರ ಕೊಟ್ಟೆ. ಅವತ್ತಿನಿಂದ ಊಟ ಸೇರುತ್ತಿಲ್ಲ.

ನನಗೆ ಆಟಿಕೆ ರೈಲು ಡಬ್ಬಿಗಳ ಹುಚ್ಚಿರುವುದು ನಿಮಗೆ ಗೊತ್ತು. (ಆಟಿಕೆ ಅಂದರೆ ನನಗೆ ಸಿಟ್ಟು. ಮಾಡೆಲ್ ಅನ್ನಬೇಕು.) ಒಂದೇ ಡಬ್ಬಿಯನ್ನು ಕಂಪನಿಯವರು ಎಷ್ಟೋ ವರ್ಷ ಬಿಟ್ಟು ಮತ್ತೆ ಮಾಡುತ್ತಾರೆ. ನೋಡಲು ಅವಳಿ ಜವಳಿ. ಯಾವುದು ಹಳೆಯದು, ಯಾವುದು ಹೊಸದು ಎಂದು ಹೇಳುವುದೇ ವಿದ್ಯೆ. ಆ ವಿದ್ಯೆ ನನಗಿದೆ ಅಂತ ಈ ಅಂಕಣದಲ್ಲಿ ಎಷ್ಟು ಸಲ ಕೊಚ್ಚಿಕೊಂಡಿಲ್ಲ? ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವ ಗೆಳೆಯನಂತೂ ನನಗೆ 'ಡಬ್ಬಿ ಡಾಕ್ಟರ್' ಅಂತಲೇ ಹೆಸರಿಟ್ಟಿದ್ದಾನೆ.

ದೇವದುರ್ಗದ ಶಿವಮ್ಮನವರನ್ನು ನನ್ನ ಹತ್ತಿರ ಕಳಿಸಿದವನೂ ಅವನೇ. ಎಪ್ಪತ್ತರ ಹತ್ತಿರದ ಹೆಣ್ಣುಮಗಳು. ಕಣ್ಣು ತೋರಿಸಲು ರಾಯಚೂರಿಗೆ ಬಂದವರು ಹಾಗೇ ನಮ್ಮ ಮನೆಗೂ ಬಂದರು. ಎರಡೂ ಕಣ್ಣಿನಲ್ಲಿ ಪೊರೆ, ಮುಂದಿನ ತಿಂಗಳು ಆಪರೇಷನ್ ಅಂತೆ. ತೀರಿಕೊಂಡ ಗಂಡ ಅಮರೇಶಪ್ಪ ಬಸ್ ಡ್ರೈವರ್. ಜೀವನವಿಡೀ ಬಸ್ ಓಡಿಸಿದವರಿಗೆ ಪ್ರೀತಿಯೆಲ್ಲ ರೈಲಿನ ಮೇಲೆ. (ರೈಲಿಲ್ಲದ ಊರಿನವರಿಗೇ ಅದು ಜಾಸ್ತಿ.)

ಚೀಲದಿಂದ ಟವೆಲ್ ತೆಗೆದು ಬಿಚ್ಚಿದರು. ಒಳಗೆ ಎರಡು ಕೆಂಪು ಡಬ್ಬಿ. ಒಂದು ಗಂಡ ಬಹಳ ಹಿಂದೆ ಕೊಂಡದ್ದು. ಇನ್ನೊಂದು, ಅವರು ಹೋದ ಮೇಲೆ ಜೋಡಿಯಾಗಲಿ ಅಂತ ಮಗ ತಂದದ್ದು. ಮನೆಗೆ ಸುಣ್ಣ ಹೊಡೆಯುವಾಗ ಯಾರೋ ಎರಡನ್ನೂ ಒಂದೇ ಪೆಟ್ಟಿಗೆಗೆ ಹಾಕಿದ್ದಾರೆ.

"ಎರಡರಾಗ ಹಳೇದು ಯಾವ್ದು ಹೇಳ್ರಿ ಸರ. ನನಗ ಕಣ್ಣ ಕಾಣಂಗಿಲ್ಲ," ಅಂದರು.

ಯಾಕೆ ಅಂತ ನಾನು ಕೇಳಲಿಲ್ಲ. ಚಹಾ ತಂದ ಹೆಂಡತಿ, ಮೊದಲು ಅದನ್ನು ಕೇಳಿ ಎಂದು ಮೆಲ್ಲಗೆ ಹೇಳಿದಳು. ಡಾಕ್ಟರ್ ಕೆಲಸದಲ್ಲಿರುವಾಗ ಕಾಂಪೌಂಡರ್ ಮಾತಾಡಬಾರದು ಎನ್ನುವಂತೆ ಅವಳನ್ನು ನೋಡಿದೆ.

ಎರಡು ಡಬ್ಬಿಗಳ ಮೇಲೂ ಕಿಟಕಿಯ ಕೆಳಗೆ ಒಣಗಿದ ವಿಭೂತಿಯ ಮೂರು ಗೆರೆ. ನಮ್ಮ ಕಡೆ ಮಹಾನವಮಿಯ ಖಂಡೇ ಪೂಜೆಗೆ ಕುಡುಗೋಲಿನಿಂದ ಟ್ರ್ಯಾಕ್ಟರ್‌ವರೆಗೆ ಎಲ್ಲಕ್ಕೂ ವಿಭೂತಿ ಹಚ್ಚುತ್ತಾರೆ. ಡ್ರೈವರ್ ಮನೆಯಲ್ಲಿ ರೈಲಿಗೂ ಹಚ್ಚಿದ್ದಾರೆ ಅಂದುಕೊಂಡು ಒಳಗೇ ನಕ್ಕೆ. ಡಬ್ಬಿಯ ಅಕ್ಷರಗಳು ಅದರಡಿಯೇ ಇದ್ದವು. ಹಳೆಯದಾದರೆ ಅಕ್ಷರಗಳು ಉಗುರಿಗೆ ತಾಕುತ್ತವೆ, ಹೊಸದರಲ್ಲಿ ನುಣ್ಣಗಿರುತ್ತವೆ. ಅರಿವೆಗೆ ಸ್ಪಿರಿಟ್ ಹಾಕಿ ಎರಡನ್ನೂ ತಿಕ್ಕಿ ತಿಕ್ಕಿ ಒರೆಸಿದೆ. ಖಾತ್ರಿಗೆ ತಳಕ್ಕೆ ಮ್ಯಾಗ್ನೆಟ್ ಹಿಡಿದೆ. ಹಳೆಯದರ ತಳದಲ್ಲಿ ಕಬ್ಬಿಣದ ತಗಡು ಇರುತ್ತದೆ, ಟಕ್ ಅಂತ ಕಚ್ಚಿಕೊಂಡಿತು. ಹೊಸದು ಬರೀ ಪ್ಲಾಸ್ಟಿಕ್.

ಇದೇ ನೋಡ್ರಿ ನಿಮ್ಮ ಯಜಮಾನರದು ಎಂದು ಅವರ ಕೈಗಿಟ್ಟೆ. ಮುಖದ ತುಂಬ ನಗು ನನಗೆ.

ಅವರು ಕಿಟಕಿಯ ಕೆಳಗೆ ಬೆರಳಾಡಿಸಿದರು. ತಿರುಗಿಸಿ ಆ ಕಡೆಯೂ ಮುಟ್ಟಿ ನೋಡಿದರು. ಮತ್ತೆ ಈ ಕಡೆ.

"ವಿಭೂತಿ ಎಲ್ಲಿ ಹೋತ್ರಿ?"

ಸ್ವಚ್ಛ ಮಾಡಿದೆ ಅಂದೆ. ಹೆಮ್ಮೆಯಿಂದಲೇ ಅಂದೆ.

ಆಗ ಹೇಳಿದರು. ಅಮರೇಶಪ್ಪನವರು ಹಾಸಿಗೆ ಹಿಡಿದಿದ್ದ ವರ್ಷ, ಕೊನೆಯ ಖಂಡೇ ಪೂಜೆಗೆ ಎದ್ದು ಕೂತು ತಮ್ಮ ಡಬ್ಬಿಗೆ ಆ ಗೆರೆಗಳನ್ನು ಕೈಯಾರೆ ಎಳೆದಿದ್ದರಂತೆ. ಮುಂದಿನ ದಸರೆಗೆ ಈಕೆ ಅದನ್ನು ಮುಟ್ಟಲಿಲ್ಲ, ಮಗ ತಂದದ್ದಕ್ಕೆ ಮಾತ್ರ ತಾವು ಹಚ್ಚಿದರು. ಈ ಸಲ ಸೊಸೆ ಪೂಜೆಗೆಂದು ಎಲ್ಲವನ್ನೂ ತೊಳೆಯುವ ಮೊದಲು ಗಂಡನ ಡಬ್ಬಿಯನ್ನು ಬೇರೆ ಎತ್ತಿಡಬೇಕಿತ್ತು. ಆಪರೇಷನ್ ಆಗಿ ಕಣ್ಣು ಕಂಡ ಮೇಲೆ ಆ ಗೆರೆಗಳನ್ನು ಒಮ್ಮೆ ನೋಡಬೇಕಿತ್ತು. ಹಳೆಯದು ಯಾವುದೆಂದು ಕೇಳಿದ್ದು ಅದಕ್ಕೆ.

"ಅವರ ಕೈ ಗುರ್ತು ಅದೊಂದ ಉಳದಿತ್ರಿ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಮ್ಯಾಗ್ನೆಟ್ ಒಂದೇ ಸಾಕಿತ್ತು. ಅದು ನನಗೆ ಮೊದಲೇ ಗೊತ್ತಿತ್ತು ಕೂಡ. ಮತ್ತೆ ಸ್ಪಿರಿಟ್ ಯಾಕೆ? ಅರಿವೆ ಯಾಕೆ? ಮುಂದೆ ಕೂತವರಿಗೆ ನನ್ನ ವಿದ್ಯೆ ತೋರಿಸಬೇಕಿತ್ತು. ಆ ಮುಂದೆ ಕೂತವರಿಗೋ ಕಣ್ಣೇ ಕಾಣುತ್ತಿರಲಿಲ್ಲ!

ತಿಳಿದವರು ಅನ್ನಿಸಿಕೊಂಡ ನಾವೆಲ್ಲ ಹೀಗೇ ಅಲ್ಲವೇ? ರೋಗಿಯ ಮುಖ ನೋಡದೆ ರಿಪೋರ್ಟ್ ಓದುತ್ತೇವೆ. ಹಳೇ ಕಲ್ಲುಗಂಬಕ್ಕೆ ಆಯಿಲ್ ಪೇಂಟ್ ಬಳಿದು ಜೀರ್ಣೋದ್ಧಾರ ಅನ್ನುತ್ತೇವೆ. ಉತ್ತರ ಹೇಳುವ ಅವಸರದಲ್ಲಿ, ಕೇಳಿದವರಿಗೆ ಏನು ಬೇಕಿತ್ತು ಅಂತ ಕೇಳುವುದಿಲ್ಲ. ಇಂಥ ಜಾಣತನಕ್ಕಿಷ್ಟು ಬೆಂಕಿ ಹಾಕ.

ಮತ್ತೆ ಅದಲುಬದಲಾಗದಿರಲಿ ಅಂತ ಹಳೆಯದಕ್ಕೊಂದು ದಾರ ಕಟ್ಟಲು ಹೋದೆ. ಶಿವಮ್ಮ ಬೇಡ ಅಂದರು.

"ಇನ್ನ ಗುರ್ತು ಯಾಕ್ರಿ? ಎರಡೂ ಒಂದ ಆದುವಲ್ಲ."

ಎರಡನ್ನೂ ಒಂದೇ ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟರು. ನನ್ನ ಹೆಂಡತಿ ಬಸ್ ಸ್ಟ್ಯಾಂಡಿನವರೆಗೆ ಕೈಹಿಡಿದು ಕರೆದುಕೊಂಡು ಹೋದಳು. ವಾಪಸ್ ಬಂದವಳು, ಮೊದಲೇ ಹೇಳಿದ್ದೆನಲ್ಲ ಅಂತ ಇವತ್ತಿಗೂ ಅಂದಿಲ್ಲ.

ಒರೆಸಿದ ಅರಿವೆ ಇನ್ನೂ ನನ್ನ ಟೇಬಲ್ ಮೇಲಿದೆ, ಎಸೆಯಲು ಕೈ ಬರುತ್ತಿಲ್ಲ. ಅದಕ್ಕಂಟಿದ ಬಿಳಿಪಿನಲ್ಲಿ ಅಮರೇಶಪ್ಪನವರ ಕೈಯದು ಯಾವುದು, ಶಿವಮ್ಮನವರದು ಯಾವುದು ಎಂದು ಹೇಳಬಲ್ಲ ಡಾಕ್ಟರು ಯಾರಾದರೂ ಇದ್ದೀರಾ?