ಕಂಡಿಲ್ಲ ಎಂದು ಬರೆದ ಟೀಚರ್

ಇಪ್ಪತ್ತು ಟ್ಯಾಬ್‌ಗಳು ಆ ಶಾಲೆಯ ಕಬ್ಬಿಣದ ಕಪಾಟಿನಲ್ಲಿ ಹದಿನಾಲ್ಕು ತಿಂಗಳು ಇದ್ದವು. ಅಷ್ಟು ಕಾಲದಲ್ಲಿ ಅವು ಮಕ್ಕಳ ಕೈಗೆ ಬಂದದ್ದು ಮೂರು ಸಲ, ಒಟ್ಟು ನಲವತ್ತು ನಿಮಿಷ. ಇದು ಯಾರೋ ಸಿಟ್ಟಿನಲ್ಲಿ ಹೇಳಿದ ಅಂದಾಜಲ್ಲ. ಆ ಮೂರು ಸಲವೂ ಎದುರಿಗೇ ನಿಂತು ಗಡಿಯಾರ ನೋಡಿದ್ದ ಪ್ರಭಾವತಿ ಟೀಚರ್ ಬರೆದಿಟ್ಟುಕೊಂಡ ಲೆಕ್ಕ.

ಪ್ರಭಾವತಿ ಟೀಚರ್ ಬಸ್ರೂರಿನವರು. ಇಪ್ಪತ್ತೇಳು ವರ್ಷದ ಸೇವೆ. ಕಲಿಸುವುದು ಕನ್ನಡ ಮತ್ತು ಸಮಾಜ. ಬಸ್ರೂರಿನಿಂದ ಕುಂದಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಕೋಡಿ ಬದಿಗೆ ಇನ್ನೊಂದು ಬಸ್ಸು ಹಿಡಿದು ಒಂಬತ್ತೂವರೆಗೆ ಶಾಲೆಯ ಮೆಟ್ಟಿಲು ಹತ್ತುವವರು. ಮನೆಗೆ ಮದುವೆಯ ಕಾಗದ ಬಂದರೆ ವಧೂವರರ ಹೆಸರಿಗಿಂತ ಮೊದಲು ತಾರೀಕಿಗೂ ವಾರಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವುದು ಅವರ ಅಭ್ಯಾಸ. ತಾಳೆಯಾಗದ ಎರಡು ಮದುವೆಗಳ ಮನೆಯವರಿಗೆ ಫೋನು ಮಾಡಿ ತಿಳಿಸಿದ್ದೂ ಉಂಟು. ಒಬ್ಬರು ಉಪಕಾರವಾಯಿತೆಂದರು, ಇನ್ನೊಬ್ಬರು ಮದುವೆಗೆ ಕರೆದದ್ದನ್ನೇ ಮರೆತರು.

ಶಾಲೆಯ ಹೆಸರು ಇಲ್ಲಿ ಅನಗತ್ಯ. ಹೊಳೆ ಕಡಲು ಸೇರುವ ಅಳಿವೆಗೆ ಅದು ಕೂಗಳತೆಯ ದೂರ. ಮಕ್ಕಳು ಐವತ್ತೆಂಟು, ಹೆಚ್ಚಿನವರ ಅಪ್ಪಂದಿರು ಬೋಟಿನಲ್ಲಿ, ಅಮ್ಮಂದಿರು ಮೀನು ಮಾರಾಟದಲ್ಲಿ. ಗಣಿತದ ಹುದ್ದೆ ಎರಡು ವರ್ಷದಿಂದ ಖಾಲಿ. ಅಂಥ ಶಾಲೆಗೆ ದೂರದ ನಗರದ ಒಂದು ದತ್ತಿ ಸಂಸ್ಥೆ, 2023ರ ಜೂನ್ ಹತ್ತೊಂಬತ್ತರ ಸೋಮವಾರ, ಇಪ್ಪತ್ತು ಟ್ಯಾಬ್ ಕೊಟ್ಟಿತು. ಮಕ್ಕಳು ಒಬ್ಬರಿಗೊಬ್ಬರು ಕಲಿಸುತ್ತ, ಬೇರೆ ಶಾಲೆಯ ಮಕ್ಕಳೊಡನೆಯೂ ಸೇರಿ ಕಲಿಯಬೇಕೆಂಬುದು ಯೋಜನೆ. ಬಾಗಿಲಿಗೆ ಕಟ್ಟಿದ ಬ್ಯಾನರಿನಲ್ಲಿ ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆದಿದ್ದರು. ಅತಿಥಿಗಳು ಟ್ಯಾಬ್ ಒತ್ತಿ ತೋರಿಸಿದರು, ಮಕ್ಕಳು ಚಪ್ಪಾಳೆ ತಟ್ಟಿದರು, ಟ್ಯಾಬ್ ಅವರ ಕೈಗಿತ್ತು ಫೋಟೊ ಆಯಿತು. ಅತಿಥಿಗಳ ಕಾರು ರಸ್ತೆಗೆ ಇಳಿಯುವ ಮೊದಲೇ ಮುಖ್ಯೋಪಾಧ್ಯಾಯ ಚಂದಯ್ಯ ಮಾಸ್ತರರು ಇಪ್ಪತ್ತನ್ನೂ ಎಣಿಸಿ ಕಪಾಟಿಗೆ ಬೀಗ ಹಾಕಿದರು.

ಮರುದಿನ ಟೀಚರ್ ಬೀಗದ ಕೈ ಕೇಳಿದರು.

"ಒಂದ್ ಒಡ್ದ್ರೂ ನನ್ ಪೆನ್ಶನ್ನಿಗೆ ಕೈ ಹಾಕ್ತ್ರ್, ಟೀಚ್ರೆ. ಇನ್ನ್ ಎರಡೇ ವರ್ಷ ಇಪ್ಪುದ್ ನಂಗೆ. ಕಪಾಟಗೆ ಇದ್ರೆ ಯಾರಿಗೂ ಎಂತ ಆತಿಲ್ಲೆ."

"ಮಕ್ಳಿಗೂ ಎಂತ ಆತಿಲ್ಲೆ, ಮಾಸ್ಟ್ರೆ."

ಚಂದಯ್ಯ ಮಾಸ್ತರರು ನಕ್ಕರು; ಬೀಗದ ಕೈ ಮಾತ್ರ ಜೇಬಿನಲ್ಲೇ ಉಳಿಯಿತು. ಅವರು ಕೆಟ್ಟವರಲ್ಲ. ಆದರೆ ಒಂದು ವಸ್ತು ಹಾಳಾದರೆ ಉತ್ತರ ಕೊಡಬೇಕು, ಐವತ್ತೆಂಟು ಮಕ್ಕಳು ಕಲಿಯದೆ ಹೋದರೆ ಯಾರಿಗೂ ಉತ್ತರ ಕೊಡಬೇಕಾಗಿಲ್ಲ ಎಂಬ ವ್ಯವಸ್ಥೆಯಲ್ಲಿ ಮೂವತ್ತಾರು ವರ್ಷ ಪಳಗಿದವರು. ಟೀಚರಿಗೆ ಮೈ ಉರಿದದ್ದು ಆ ವ್ಯವಸ್ಥೆಯನ್ನು ಕಂಡು.

ಅವರು ತಮ್ಮ ಸ್ವಂತ ಫೋನು ತೆಗೆದರು. ಗಾಜಿನ ಒಂದು ಮೂಲೆ ಬಿರುಕು ಬಿಟ್ಟ ಫೋನು. ಹೊಳೆಯ ಮೇಲ್ಭಾಗದ ಗುಲ್ವಾಡಿಯ ಕಡೆ ಒಂದು ಸಣ್ಣ ಶಾಲೆಯಲ್ಲಿ ಜಿತೇಂದ್ರ ಎಂಬ ಗಣಿತದ ಮಾಸ್ತರರಿದ್ದರು; ಅಲ್ಲಿ ಕನ್ನಡ ಕಲಿಸುವವರಿಲ್ಲ. ತರಬೇತಿಯೊಂದರಲ್ಲಿ ಪರಿಚಯವಾಗಿದ್ದ ಅವರಿಗೆ ಟೀಚರ್ ಹೇಳಿದರು: "ನಿಮ್ಮ ಲೆಕ್ಕ ನಮ್ಮ ಮಕ್ಳಿಗೆ ಕೊಡಿ, ನಮ್ಮ ಕನ್ನಡ ನಿಮ್ಮ ಮಕ್ಳಿಗೆ ಕೊಡ್ತೆ." ವಾರಕ್ಕೆ ಮೂರು ದಿನ ಎರಡು ತರಗತಿಗಳ ನಡುವೆ ವಿಡಿಯೊ ಕರೆ ಶುರುವಾಯಿತು. ಕೋಡಿಯ ಪ್ರತಿ ಮಗುವಿಗೆ ಗುಲ್ವಾಡಿಯಲ್ಲಿ ಒಂದು ಜೋಡಿ. ಇಂದು ಮಾಸ್ತರರಿಂದ ಕಲಿತದ್ದನ್ನು ನಾಳೆ ಜೋಡಿಗೆ ಹೇಳಿಕೊಡಬೇಕು. ಜೋಡಿಗೆ ತಿಳಿಯದಿದ್ದರೆ ನಿನಗೂ ತಿಳಿದಿಲ್ಲ ಎಂದೇ ಅರ್ಥ.

ಕಡಲ ಭರತದ ಪಾಠ ಹುಟ್ಟಿದ್ದು ಬಿಸಿಯೂಟದ ಅಡುಗೆಕೋಣೆಯಲ್ಲಿ. ಅಡುಗೆಯ ಅಮ್ಮಣಿ ಕೋಡಿಯಲ್ಲೇ ಹುಟ್ಟಿ ಬೆಳೆದವಳು, ಮೂರನೆಯ ತರಗತಿಗೇ ಶಾಲೆ ಬಿಟ್ಟವಳು. ಕಡಲು ಉಕ್ಕಿ ಹೊಳೆಗೆ ಏರಿಬರುವ ಭರತದ ಹೊತ್ತನ್ನು ಅವಳು ಬೆರಳು ಮಡಚಿ ಹೇಳುತ್ತಿದ್ದಳು.

"ಹುಣ್ಣಿಮಿಗ್ ಹನ್ನೊಂದೂವರೆ. ಮತ್ತ್ ದಿನಕ್ಕ್ ಎರಡೆರಡ್ ಗಳಿಗಿ ತಡ. ಇದಕ್ಕೆಲ್ಲ ಶಾಲಿ ಬೇಕಾ, ಟೀಚ್ರೆ?"

ಬೇಕೋ ಬೇಡವೋ ನೋಡೋಣವೆಂದು ಟೀಚರ್ ಶಾಲೆಯ ಹಿಂದೆ ದೋಣಿ ಕಟ್ಟುವ ದಕ್ಕೆಯ ಕಂಬಕ್ಕೆ ಬಣ್ಣದ ಗೆರೆ ಹಾಕಿಸಿದರು. ಭರತ ಶಾಲೆಯ ಹೊತ್ತಿಗೆ ಬೀಳುವುದು ಹದಿನೈದು ದಿನದಲ್ಲಿ ಏಳೆಂಟು ದಿನ ಮಾತ್ರ. ಆ ದಿನಗಳಲ್ಲಿ ಅಮ್ಮಣಿಯ ಕಾವಲಿನಲ್ಲಿ ಇಬ್ಬರು ಮಕ್ಕಳು ಕಂಬ ನೋಡಿ, ನೀರು ಏರುವುದು ನಿಂತ ನಿಮಿಷವನ್ನು ಬರೆಯುವರು. ಕೂಡಲೇ ಗುಲ್ವಾಡಿಗೆ ಫೋನು. ಅಲ್ಲಿ ಜಿತೇಂದ್ರ ಮಾಸ್ತರರೊಡನೆ ಮಕ್ಕಳು ಹೊಳೆಯ ಕಲ್ಲುಮೆಟ್ಟಿಲಿನ ಬಳಿ ಕಾದು, ಅದೇ ಭರತ ತಮ್ಮಲ್ಲಿಗೆ ಮುಟ್ಟಿದ ಹೊತ್ತನ್ನು ಹೇಳುವರು. ಎರಡೂ ಶಾಲೆಯವರು ತೆರೆದು ಬರೆಯಬಹುದಾದ ಒಂದೇ ಪಟ್ಟಿ ಫೋನಿನಲ್ಲಿತ್ತು. ಇಪ್ಪತ್ತೆರಡು ದಿನದ ಅಂಕಿ ಸೇರಿದಾಗ ಮಕ್ಕಳು ಸರಾಸರಿ ತೆಗೆದರು: ದಿನಕ್ಕೆ ನಲವತ್ತೊಂಬತ್ತು ನಿಮಿಷ ತಡ. ಅಮ್ಮಣಿಯ ಎರಡು ಗಳಿಗೆ ಎಂದರೆ ನಲವತ್ತೆಂಟು.

"ಒಂದ್ ನಿಮಿಷ ಯಾರದ್ ತಪ್ಪ್?" ಎಂದು ಅಮ್ಮಣಿ ಸೌಟು ಹಿಡಿದುಕೊಂಡೇ ಕೇಳಿದಳು. "ಕಡಲಿಂದಾ, ನಿಮ್ ಫೋನಿಂದಾ?"

ಪಟ್ಟಿಗೆ ಒಂದೇ ಕಟ್ಟುನಿಟ್ಟು. ನೋಡದೆ ಬರೆಯಕೂಡದು, ನೋಡಲಾಗದ ದಿನ 'ಕಂಡಿಲ್ಲ' ಎಂದು ಬರೆಯಬೇಕು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಹರಿಯುವಾಗ ಜಿತೇಂದ್ರ ಮಾಸ್ತರರು ಮಕ್ಕಳನ್ನು ಮೆಟ್ಟಿಲಿನ ಹತ್ತಿರ ಬಿಡುತ್ತಿರಲಿಲ್ಲ. ಜುಲೈ ತಿಂಗಳ ಗುಲ್ವಾಡಿಯ ಸಾಲುಗಳೆಲ್ಲ 'ಕಂಡಿಲ್ಲ, ಕಂಡಿಲ್ಲ' ಎಂದೇ ಇದ್ದವು. ಅದರಲ್ಲಿ ನಾಚಿಕೆಯೇನೂ ಇರಲಿಲ್ಲ.

ಈ ನಿಯಮದ ಬೆಲೆ ಮಕ್ಕಳಿಗೆ ತಿಳಿದದ್ದು 2023ರ ಡಿಸೆಂಬರ್ ಹದಿನಾಲ್ಕರಂದು. ಆ ದಿನ ಜಿತೇಂದ್ರ ಮಾಸ್ತರರು ರಜೆ. ಕೋಡಿಯಲ್ಲಿ ಭರತ ನಿಂತದ್ದು ಒಂದು ಗಂಟೆ ಐದು ನಿಮಿಷಕ್ಕೆ. ಗುಲ್ವಾಡಿಯ ಚರಣ್ ಎಂಬ ಹುಡುಗ ಒಂದು ಇಪ್ಪತ್ತು ಎಂದು ಬರೆದಿದ್ದ. ಅವನ ಜೋಡಿ, ಆರನೆಯ ತರಗತಿಯ ಶರಣ್ಯಾ, ಮರುದಿನದ ಕರೆಯಲ್ಲಿ ಎಲ್ಲರೆದುರು ಅವನನ್ನು ಹಿಡಿದಳು.

"ಹ್ವಾಯ್ ಚರಣ್, ದಿನಾ ಮುಕ್ಕಾಲ್ ಗಂಟಿ ತಕಂಬ ಭರತ ನಿನ್ನೆ ಹದಿನೈದೇ ನಿಮಿಷದಗೆ ಹ್ಯಾಂಗ್ ಬಂತಾ? ಎಕ್ಸ್‌ಪ್ರೆಸ್ ಬಸ್ಸಗೆ ಬಂತಾ?"

ಎರಡೂ ಕಡೆ ನಗೆ. ಚರಣ್ ತಲೆ ಕೆರೆದುಕೊಂಡ. "ಕ್ರಿಕೆಟ್ ಇತ್ತ್... ಹೊಳಿಗ್ ಹೋಪ್ಕ್ ಆಯ್ಲಿಲ್ಲೆ."

"ಹಂಗಾರೆ ಹಾಂಗೇ ಬರಿ ಮಾರಾಯ. ನೀನ್ ಒಂದ್ ಸುಳ್ ಬರ್ದ್ರೆ ನನ್ ಸರಾಸರಿಯೂ ಹಾಳ್."

ಚರಣ್ ಅಂಕಿಯನ್ನು ಹೊಡೆದು ಪಕ್ಕದಲ್ಲಿ 'ಕಂಡಿಲ್ಲ' ಎಂದು ಬರೆದ. ಇಪ್ಪತ್ತೇಳು ವರ್ಷದಲ್ಲಿ ತಾವು ಸತ್ಯದ ಬಗ್ಗೆ ಮಾಡಿದ ಪಾಠಗಳೆಲ್ಲ ಈ ಒಂದು ಕರೆಯ ಮುಂದೆ ಸಪ್ಪೆ ಎಂದು ಪ್ರಭಾವತಿ ಟೀಚರಿಗೆ ಅನಿಸಿತು.

ಎಂಟು ತಿಂಗಳ ನಂತರ ಅದೇ ಪರೀಕ್ಷೆ ಅವರ ಮೇಜಿಗೆ ಬಂತು. 2024ರ ಆಗಸ್ಟ್ ಇಪ್ಪತ್ತೆರಡರ ಗುರುವಾರ ದತ್ತಿ ಸಂಸ್ಥೆಯವರು ಟ್ಯಾಬ್ ಬಳಕೆಯ ವಹಿ ನೋಡಲು ಬರುತ್ತಾರೆಂದು ತಿಳಿಯಿತು. ತಾರೀಕು, ತರಗತಿ, ಮಕ್ಕಳ ಸಂಖ್ಯೆ, ಪಾಠದ ವಿಷಯ, ಶಿಕ್ಷಕರ ಸಹಿ ಎಂದು ಗೆರೆ ಹೊಡೆದ ಆ ವಹಿಯಲ್ಲಿ ಒಂದಕ್ಷರ ಬಿದ್ದಿರಲಿಲ್ಲ. ಮಂಗಳವಾರ ಚಂದಯ್ಯ ಮಾಸ್ತರರು ಅದನ್ನು ಟೀಚರ ಮುಂದಿಟ್ಟರು.

"ನಿಮ್ಮ ಅಕ್ಷರ ಚೆಂದ. ವಾರಕ್ಕ್ ಎರಡ್ ದಿನದ ಹಾಂಗೆ ತುಂಬ್ಸಿ ಕೊಡಿ."

"ಎಂತ ಅಂದ್ ತುಂಬ್ಸುದ್?"

"ಎಂತಾರೂ. ಭೂಗೋಳ, ಪದ್ಯ... ನಿಮ್ಗ್ ನಾನ್ ಹೇಳಿಕೊಡ್ಕಾ?"

"ಕಪಾಟ್ ತೆಗೀರಿ, ಮಾಸ್ಟ್ರೆ. ನಾಳೆಯಿಂದ ದಿನಾ ಬಳಸ್ತೆ, ದಿನಾ ಬರೀತೆ."

ಮಾಸ್ತರರು ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿದರು. "ಕಾಣಿ ಟೀಚ್ರೆ, ತರಗತಿಯಗೆ ಮೊಬೈಲ್ ಕೂಡ್ದ್ ಅಂದ್ ಸುತ್ತೋಲೆ ಇತ್ತ್. ನಿಮ್ ಗುಲ್ವಾಡಿ ಪಾಠಕ್ಕ್ ನಾನ್ ಒಂದ್ ವರ್ಷದಿಂದ ಕಣ್ ಮುಚ್ಚಿ ಕೂತಿದೆ. ನೀವೂ ಈ ಒಂದಕ್ಕ್ ಕಣ್ ಮುಚ್ಚಿ. ಇಲ್ದಿದ್ರೆ ನಾನೂ ಕಣ್ ಬಿಡ್ಕಾತ್ತ್."

ಮಾತು ಸ್ಪಷ್ಟವಾಗಿತ್ತು. ಸಹಿ ಹಾಕಿದರೆ ಗುಲ್ವಾಡಿಯ ಪಾಠ ಉಳಿಯುತ್ತದೆ, ಹಾಕದಿದ್ದರೆ ನಿಲ್ಲುತ್ತದೆ.

ಟೀಚರ್ ವಹಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ರೂರಿಗೆ ಹೋದರು. ಬಸ್ಸಿನಲ್ಲಿ ಲೆಕ್ಕ ಹಾಕಿದರು: ರಜೆಗಳನ್ನು ಕಳೆದರೆ ನೂರ ನಾಲ್ಕು ಸಾಲು. ಒಂದು ಸಂಜೆಯ ಕೆಲಸ. ಯಾರಿಗೂ ನೋವಿಲ್ಲ, ಮಕ್ಕಳಿಗೆ ಲೆಕ್ಕ ಕಲಿಸುವ ಮಾಸ್ತರರು ಉಳಿಯುತ್ತಾರೆ. ಮನೆಯ ಜಗಲಿಯಲ್ಲಿ ಕೂತು ಮೊದಲ ಸಾಲಿಗೆ 'ಭೂಗೋಳ' ಎಂದು ಬರೆಯಲು ಪೆನ್ನು ಎತ್ತಿದರು ಕೂಡ. ಪೆನ್ನು ಕೆಳಗಿಟ್ಟರು. ತರಗತಿಯೆಲ್ಲ ನಗುತ್ತಿರುವಾಗ ಅಂಕಿ ಹೊಡೆದುಹಾಕಿದ ಚರಣನ ಮುಖ ಕಣ್ಣೆದುರು ಬಂತು. ಒಂದು ಸಾಲಿನ ಸುಳ್ಳಿಗೆ ಆ ಹುಡುಗ ಎರಡು ಶಾಲೆಯೆದುರು ತಲೆ ತಗ್ಗಿಸಿದ್ದ. ನೂರ ನಾಲ್ಕು ಸಾಲಿನ ಸುಳ್ಳಿಗೆ ತಾವು ಯಾವ ಮುಖ ಹೊತ್ತು ಆ ಕರೆಯಲ್ಲಿ ನಿಲ್ಲುವುದು?

ಆಮೇಲೆ ಬರೆದರು. ನೂರ ಒಂದು ಸಾಲುಗಳಲ್ಲಿ ತಾರೀಕು ಹಾಕಿ, ವಿಷಯದ ಕೆಳಗೆ ಮುತ್ತಿನಂಥ ಅಕ್ಷರದಲ್ಲಿ 'ಕಂಡಿಲ್ಲ' ಎಂದು ಬರೆದರು. ಉಳಿದ ಮೂರು ಸಾಲು ಹೀಗಿದ್ದವು: ಜೂನ್ ಹತ್ತೊಂಬತ್ತು, ಉದ್ಘಾಟನೆಯ ಫೋಟೊ. ಆಗಸ್ಟ್ ಹದಿನೈದು, ಸ್ವಾತಂತ್ರ್ಯ ದಿನದ ಫೋಟೊ. ಜನವರಿ ಇಪ್ಪತ್ತನಾಲ್ಕು, ಸಂಸ್ಥೆಯವರು ಫೋಟೊ ಕೇಳಿದ್ದರಿಂದ ಫೋಟೊ. ಎಲ್ಲದರ ಕೆಳಗೂ ಸಹಿ.

ಗುರುವಾರ ಸಂಸ್ಥೆಯ ಪರವಾಗಿ ಬಂದವನು ಅನೂಪ್ ಎಂಬ ಯುವಕ. ಬೆಂಗಳೂರಿನ ಕಡೆಯ ಮಾತು, ಸಭ್ಯ ನಡವಳಿಕೆ. ವಹಿಯ ಹಾಳೆಗಳನ್ನು ತಿರುವಿದಂತೆ ಅವನ ನಗು ಇಳಿಯಿತು.

"ಮೇಡಂ, ಏನಿದು? ಇದನ್ನ ಮೇಲಕ್ಕೆ ಕಳಿಸೋಕಾಗಲ್ಲ. ಬೇರೆ ಎಲ್ಲಾ ಶಾಲೆಗಳಿಂದ ತೊಂಬತ್ತು ಪರ್ಸೆಂಟ್ ಬಳಕೆ ಅಂತ ಬಂದಿದೆ."

"ಎಲ್ಲ ಶಾಲೆಯಿಂದಲೂ ತೊಂಬತ್ತೇ?" ಎಂದರು ಟೀಚರ್. "ಒಂದರಲ್ಲೂ ಎಂಬತ್ತೇಳು ಇಲ್ಲವೇ? ನಿಮಗೆ ಅನುಮಾನ ಬರಲಿಲ್ಲವೇ?"

ಅನೂಪ್ ವಹಿ ಮುಚ್ಚಿದ. ಕಪಾಟು ತೆರೆಯಲು ಹೇಳಿದ. ಕಡಲ ಗಾಳಿಗೆ ಬೀಗ ತುಕ್ಕು ಹಿಡಿದಿತ್ತು. ತೆಂಗಿನೆಣ್ಣೆ ಬಿಟ್ಟು ತಿರುಗಿಸಬೇಕಾಯಿತು. ಇಪ್ಪತ್ತರಲ್ಲಿ ಆರರ ಬ್ಯಾಟರಿ ಉಬ್ಬಿ ಹಿಂಬದಿ ಬಾಯಿ ಬಿಟ್ಟಿತ್ತು. ಉಳಿದ ಹದಿನಾಲ್ಕರಲ್ಲಿ ಒಂದೂ ಬೆಳಗಲಿಲ್ಲ. ಒಡೆಯಬಾರದೆಂದು ಯಾರಿಗೂ ಕೊಡದೆ ಜೋಪಾನ ಮಾಡಿದ ವಸ್ತುಗಳು! ಮುಟ್ಟಿ ಹಾಳುಮಾಡಲು ಮಕ್ಕಳಿಗೊಂದು ಅವಕಾಶವಾದರೂ ಸಿಗಬೇಕಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಶರಣ್ಯಾ ಏದುಸಿರು ಬಿಡುತ್ತ ನಿಂತಳು. "ಟೀಚ್ರೆ, ಭರತ ನಿಂತಿತ್! ಒಂದ್ ಐವತ್ತಕ್ಕೆ! ಫೋನ್ ಕೊಡಿ!"

ಟೀಚರ್ ಚಂದಯ್ಯ ಮಾಸ್ತರರ ಕಡೆ ನೋಡಿದರು. ಮಾಸ್ತರರ ಮುಖ ಕೆಂಪಾಗಿತ್ತು. "ಇವತ್ತಿಂದ ಫೋನ್ ಇಲ್ಲೆ," ಎಂದರು.

"ಬರವಣಿಗೆಯಲ್ಲಿ ಕೊಡಿ."

ಮಾಸ್ತರರು ಅಲ್ಲೇ ಕೂತು ಬರೆದರು: ತರಗತಿಯಲ್ಲಿ ಮೊಬೈಲ್ ಬಳಸುವುದನ್ನು ಈ ಕೂಡಲೇ ನಿಲ್ಲಿಸತಕ್ಕದ್ದು. ಟೀಚರ್ ಓದಿ, ತಾರೀಕಿನಲ್ಲಿ ಇಪ್ಪತ್ತೊಂದು ಎಂದಿದ್ದುದನ್ನು ಇಪ್ಪತ್ತೆರಡು ಎಂದು ತಿದ್ದಿಸಿ, ಸಹಿ ಹಾಕಿದರು. ಎರಡೂವರೆ ದಾಟಿದ ಮೇಲೆ ಮೇಜಿನ ಮೇಲಿನ ಫೋನು ಅದುರತೊಡಗಿತು. ಬಿರುಕಿನ ಗಾಜಿನ ಮೇಲೆ ಜಿತೇಂದ್ರ ಮಾಸ್ತರರ ಹೆಸರು. ಯಾರೂ ಎತ್ತಲಿಲ್ಲ. ಮೂರು ಸಲ ಅದುರಿ ನಿಂತಿತು.

ಶರಣ್ಯಾ ಕಾಗದ ಹಿಡಿದು ನಿಂತೇ ಇದ್ದಳು. ಪಟ್ಟಿಯನ್ನು ಮೊದಲು ಕಾಗದದಲ್ಲಿ ಬರೆದುಕೊಳ್ಳುವುದು ಅವರ ಪದ್ಧತಿ. "ಟೀಚ್ರೆ, ಗುಲ್ವಾಡಿದ್ ಎಂತ ಬರೂದ್? ಕಂಡಿಲ್ಲ ಅಂದ್ ಬರೂಕೂ ಆತಿಲ್ಲೆ. ಚರಣ್ ಕಂಡಿದ ಅಲ್ದಾ?"

"ಆದದ್ದನ್ನೇ ಬರಿ, ಹೆಣೆ."

ಹುಡುಗಿ ಯೋಚಿಸಿ, ಅತಿಥಿಯ ಎದುರೇ ಬರೆದಳು: 'ಫೋನ್ ಎತ್ತಲು ಬಿಡಲಿಲ್ಲ.' ಅನೂಪ್ ಅದನ್ನು ಓದಿ ತನ್ನ ಕ್ಯಾಮರಾವನ್ನು ಚೀಲದೊಳಗೆ ಇಟ್ಟುಕೊಂಡ.

ಮರುದಿನ ಅಮ್ಮಣಿ ಅಡುಗೆಕೋಣೆಯ ಹೊರಗಿನ ಕಟ್ಟೆಯ ಮೇಲೆ ತನ್ನ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟಳು. ಚಂದಯ್ಯ ಮಾಸ್ತರರು ಬಾಗಿಲಿಗೆ ಬಂದು ನೋಡಿದರು.

"ಎಂತ ಅಮ್ಮಣಿ ಇದ್?"

"ಸುತ್ತೋಲೆ ತರಗತಿಗಲ್ದಾ, ಮಾಸ್ಟ್ರೆ? ಇದ್ ಕಟ್ಟೆ. ನಂಗ್ ಕಾಗದ ಕೊಡುದಾರೆ ಓದಿ ಹೇಳುಕ್ ಒಂದ್ ಜನವನ್ನೂ ಕೊಡಿ."

ಮಾಸ್ತರರು ಒಳಗೆ ಹೋದರು. ಆ ದಿನ ಕೋಡಿಯ ಭರತ ಎರಡು ಗಂಟೆ ಮೂವತ್ತೆಂಟು ನಿಮಿಷಕ್ಕೆ. ಎರಡು ಗಳಿಗೆ ತಡ, ಕರಾರುವಾಕ್ಕಾಗಿ. ಕರೆ ಹೋಯಿತು. ಚರಣ್ ಮೊದಲು ಕೊಟ್ಟದ್ದು ಹಿಂದಿನ ದಿನದ ಅಂಕಿ: ಎರಡು ಮೂವತ್ತಾರು, ತಾನೇ ಮೆಟ್ಟಿಲಿನ ಬಳಿ ನಿಂತು ಕಂಡದ್ದು.

ಪ್ರಭಾವತಿ ಟೀಚರ್ ಸಹಿಯ ಆ ವಹಿ ಎಲ್ಲಿಗೆ ಹೋಯಿತೋ ತಿಳಿಯದು. ಸಂಸ್ಥೆಯ ವರದಿಯಲ್ಲಿ ಆ ಶಾಲೆಯ ಎದುರು 'ತಾಂತ್ರಿಕ ಕಾರಣದಿಂದ ಮಾಹಿತಿ ಲಭ್ಯವಿಲ್ಲ' ಎಂದು ಅಚ್ಚಾಯಿತು. ಟೀಚರಿಗೆ ಬಂದದ್ದು ಇಲಾಖೆಯಿಂದ ವಿವರಣೆ ಕೇಳುವ ನೋಟೀಸು. ಅದಕ್ಕವರು ಕೊಟ್ಟದ್ದು ನೂರ ನಾಲ್ಕು ಸಾಲಿನ ನಕಲು. ಮಾಹಿತಿ ಲಭ್ಯವಿಲ್ಲವಂತೆ! ಅಲ್ಲಿ ಲಭ್ಯವಿದ್ದದ್ದು ಮಾಹಿತಿಯೊಂದೇ.

ಆ ಕರೆಯ ಹೊತ್ತಿನಲ್ಲೇ ಶರಣ್ಯಾ ಕಟ್ಟೆಯ ಮೇಲೆ ಕೂತು, ಆಗಸ್ಟ್ ಇಪ್ಪತ್ತೆರಡರ ಸಾಲಿನಲ್ಲಿ ಎರಡು ಮೂವತ್ತಾರು ಎಂದು ಸೇರಿಸಿದಳು. 'ಫೋನ್ ಎತ್ತಲು ಬಿಡಲಿಲ್ಲ' ಎಂಬುದನ್ನು ಹೊಡೆಯಲೇ ಎಂದು ಕೇಳಿದಳು.

"ಬೇಡ," ಎಂದರು ಟೀಚರ್. "ಅದೂ ಆದದ್ದೇ."